ವಿಜಯಪುರ ಅಂದರೆ ಯಾವ ವಿಜಯಪುರ? ಲಿಂಕ್ಡ್ ಡೇಟಾ ಮತ್ತು ಐಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ವೆಬ್‌ಸೈಟ್ ನಡೆಸುವವರು, ವಿಕಿಪೀಡಿಯಕ್ಕೆ ಬರೆಯುವವರು, ಪುಸ್ತಕಗಳ ಪಟ್ಟಿ ಮಾಡುವವರು, ಊರಿನ ಮಾಹಿತಿ ಕೂಡಿಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಲಿಂಕ್ಡ್ ಡೇಟಾ ಅಂದರೆ ವಸ್ತುಗಳಿಗೆ ಬದಲಾಗದ ಗುರುತು (ಐಡಿ) ಕೊಟ್ಟು, ಬೇರೆ ಬೇರೆ ತಾಣಗಳ ಮಾಹಿತಿಯನ್ನು ಅವುಗಳ ಮೂಲಕ ಒಂದಕ್ಕೊಂದು ಜೋಡಿಸುವ ಕ್ರಮ. ಪ್ರೋಗ್ರಾಮಿಂಗ್ ಗೊತ್ತಿರಲೇಬೇಕು ಅಂತೇನಿಲ್ಲ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಮೊದಲ ನಾಲ್ಕನ್ನು ಓದಿಕೊಂಡರೆ ಮುಂದಿನದೆಲ್ಲ ಸಲೀಸು.

ಎಲ್ಲದಕ್ಕೂ ಹೆಸರಿದೆ. ಮತ್ತೆ ಐಡಿ ಯಾಕೆ?

ಗೋಳಗುಮ್ಮಟ ಇರುವ ಊರನ್ನೇ ನೋಡಿ. ಬಹಳ ಕಾಲ ದಾಖಲೆಗಳಲ್ಲಿ ಅದರ ಹೆಸರು ಬಿಜಾಪುರ ಅಂತ ಇತ್ತು. ಛತ್ತೀಸಗಡದಲ್ಲೂ ಒಂದು ಬಿಜಾಪುರ ಇದೆ, 2007ರಿಂದ ಅದೂ ಜಿಲ್ಲೆ. ಪತ್ರಿಕೆಯಲ್ಲಿ ಬರೀ ‘ಬಿಜಾಪುರ’ ಅಂತ ಕಂಡರೆ ಸುದ್ದಿ ಪೂರ್ತಿ ಓದಿಯೇ ಯಾವುದು ಅಂತ ತಿಳಿಯಬೇಕಿತ್ತು. 2014ರ ನವೆಂಬರ್ 1ರಂದು ಕರ್ನಾಟಕ 12 ಊರುಗಳ ಹೆಸರು ಬದಲಿಸಿತು. ಬಿಜಾಪುರ ವಿಜಯಪುರ ಆಯಿತು. ಛತ್ತೀಸಗಡದ ಜೊತೆಗಿನ ಗೊಂದಲ ತೀರಿತು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇತ್ತಲ್ಲ! ಹಾಗಾಗಿ ಹೊಸದೊಂದು ಗೊಂದಲ ಹುಟ್ಟಿಕೊಂಡಿತು. ಈಗ ಒಂದು ವಿಜಯಪುರದ ಗಾಡಿಗಳ ಮೇಲೆ ಕೆಎ 28, ಇನ್ನೊಂದರ ಕಡೆಯ ಗಾಡಿಗಳ ಮೇಲೆ ಕೆಎ 43.

ಮನುಷ್ಯರಿಗೆ ಇದೇನು ದೊಡ್ಡ ತೊಂದರೆ ಅಲ್ಲ. ‘ವಿಜಯಪುರದಲ್ಲಿ ಇಬ್ರಾಹಿಂ ರೋಜಾ ನೋಡಿಕೊಂಡು ಬಂದೆವು’ ಅಂದರೆ ಯಾವ ಊರು ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಸಿಗುವುದು ಅಕ್ಷರಗಳ ಸಾಲು ಮಾತ್ರ. ಒಂದು ತಾಣದ ‘ಬಿಜಾಪುರ’ವೂ ಇನ್ನೊಂದು ತಾಣದ ‘ವಿಜಯಪುರ’ವೂ ಒಂದೇ ಊರು ಅಂತ ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಎರಡು ‘ವಿಜಯಪುರ’ ಬೇರೆ ಬೇರೆ ಊರು ಅಂತಲೂ ಹೊಳೆಯುವುದಿಲ್ಲ. ಅದಕ್ಕೇ ಹೆಸರಿನ ಹಿಂದೆ ಬದಲಾಗದ ಒಂದು ಗುರುತು ಬೇಕು.

ಎಲ್ಲರೂ ಒಂದೇ ಕಾಗುಣಿತ ಬಳಸಿದರೆ ಸಾಕಲ್ವಾ?

ಕಲಬುರಗಿ, ಕಲ್ಬುರ್ಗಿ, ಗುಲ್ಬರ್ಗಾ. ಈ ಮೂರನ್ನೂ ಬರೆಯುವವರು ಇದ್ದೇ ಇದ್ದಾರೆ, ಇರಲಿ ಬಿಡಿ. ಆದರೆ ಕಾಗುಣಿತ ಒಂದೇ ಇದ್ದರೂ ಕೆಲಸ ಕೆಡಬಹುದು.

‘ಕೋಲಾರ’ದ ಮೊದಲ ಅಕ್ಷರ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೋಡ್ ಕೊಡುವ ಪದ್ಧತಿಗೆ ಯೂನಿಕೋಡ್ ಅಂತ ಹೆಸರು. ಯೂನಿಕೋಡ್‌ನಲ್ಲಿ ‘ಕೋ’ ಅನ್ನು ಕ ಮತ್ತು ಓತ್ವದ ಒಂದೇ ಚಿಹ್ನೆಯಾಗಿ ಇಡಬಹುದು. ಅಥವಾ ಅದೇ ಓತ್ವವನ್ನು ಎತ್ವ, ದೀರ್ಘ ಕೊಂಬು, ಕೊನೆಯ ದೀರ್ಘ ಅಂತ ಮೂರು ತುಂಡು ಮಾಡಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಒಳಗಿನ ಕೋಡ್ ಮಾತ್ರ ಬೇರೆ. ಸರಿಪಡಿಸದೆ ಹೋಲಿಸಿದರೆ ಕಂಪ್ಯೂಟರ್ ‘ಇವು ಬೇರೆ ಪದ’ ಅನ್ನುತ್ತದೆ. ಇದನ್ನು ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ, ಒಳ್ಳೆಯ ತಂತ್ರಾಂಶಗಳು ಅದನ್ನು ಪಾಲಿಸುತ್ತವೆ. ಆದರೆ ಒತ್ತಕ್ಷರ ಬಿಡಿಸಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಆ ನಿಯಮಕ್ಕೆ ಸಿಗುವುದಿಲ್ಲ. ಕನ್ನಡದ ಪಟ್ಟಿಗಳನ್ನು ಜೋಡಿಸಿದ ಯಾರನ್ನಾದರೂ ಕೇಳಿ, ಈ ಕಾಣದ ಚಿಹ್ನೆಯ ಕಾಟ ಎಷ್ಟು ಅಂತ ಹೇಳುತ್ತಾರೆ. ಐಡಿ ಇದ್ದರೆ ಈ ರಗಳೆಯೇ ಇಲ್ಲ.

ಐಡಿ ಅಂದರೆ ಬರೀ ನಂಬರಾ?

ನಂಬರ್ ಒಂದೇ ಸಾಲದು. ಪಹಣಿ ನೋಡಿದವರಿಗೆ ಇದು ಗೊತ್ತು. ‘ಸರ್ವೆ ನಂಬರ್ 45’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಊರೂರಿಗೂ ಒಂದು 45 ಇರುತ್ತದೆ. ತಾಲ್ಲೂಕು, ಹೋಬಳಿ, ಗ್ರಾಮ ಸೇರಿಸಿದಾಗ ಮಾತ್ರ ಅದು ಒಂದೇ ಒಂದು ಜಮೀನು.

ವೆಬ್‌ನಲ್ಲಿ ಆ ಗ್ರಾಮದ ಜಾಗದಲ್ಲಿ ನಿಲ್ಲುವುದು ತಾಣದ ಹೆಸರು, ಅಂದರೆ ಡೊಮೇನ್. ಅದನ್ನು ಇಡೀ ಜಗತ್ತಿನಲ್ಲಿ ಒಬ್ಬರೇ ನೋಂದಾಯಿಸಲು ಸಾಧ್ಯ. ಅದರ ಮುಂದೆ ತಾಣದವರು ಕೊಡುವ ನಂಬರ್ ಸೇರಿದರೆ ಬೇರೆ ಯಾರದ್ದಕ್ಕೂ ತಾಗದ ಗುರುತು ಸಿಗುತ್ತದೆ. ಇದಕ್ಕೇ ಯುಆರ್‌ಐ ಅನ್ನುವುದು. ನೋಡಲು ವೆಬ್ ವಿಳಾಸದ ಹಾಗೇ ಇರುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಆ ವಸ್ತುವಿನ ಬಗ್ಗೆ ಮಾಹಿತಿಯೂ ಸಿಗಬೇಕು, ಅದೇ ಇದರ ಚಂದ.

ಇಲ್ಲೊಂದು ಸೂಕ್ಷ್ಮ ಇದೆ. ಊರು ಬೇರೆ, ಊರಿನ ಬಗ್ಗೆ ಇರುವ ಪುಟ ಬೇರೆ. ಪುಟವನ್ನು ನಿನ್ನೆ ತಿದ್ದಿರಬಹುದು, ಊರು ನಿನ್ನೆ ಹುಟ್ಟಿದ್ದಲ್ಲ. ವಿಕಿಪೀಡಿಯದ ಜೊತೆಗಾರ ತಾಣವಾದ, ವಸ್ತುಗಳ ಐಡಿ ಮತ್ತು ಮಾಹಿತಿ ಇಡುವ ವಿಕಿಡೇಟಾದಲ್ಲಿ ಇವೆರಡಕ್ಕೂ ಬೇರೆ ಬೇರೆ ವಿಳಾಸ ಇದೆ. ವಸ್ತುವಿನ ವಿಳಾಸದಲ್ಲಿ ‘ಎಂಟಿಟಿ’ ಅಂತ ಬರುತ್ತದೆ, ಪುಟದ್ದರಲ್ಲಿ ‘ವಿಕಿ’ ಅಂತ. ವಸ್ತುವಿನ ವಿಳಾಸ ಇವತ್ತಿಗೂ ಹಳೆಯ ಎಚ್‌ಟಿಟಿಪಿಯಿಂದಲೇ ಶುರುವಾಗುತ್ತದೆ. ಆ ಎಚ್‌ಟಿಟಿಪಿಯ ಕೊನೆಗೆ ಒಂದು ‘ಎಸ್’ ಸೇರಿಸಿದರೂ ಹೋಲಿಸುವ ಯಂತ್ರಕ್ಕೆ ಅದು ಬೇರೆ ಗುರುತು. ಹಾಗಾಗಿ ಐಡಿಯನ್ನು ಕಾಪಿ ಮಾಡುವಾಗ ಇದ್ದಂತೆಯೇ ತೆಗೆದುಕೊಳ್ಳಿ, ‘ಸರಿ’ ಮಾಡಲು ಹೋಗಬೇಡಿ.

ಐಡಿ ಕೊಟ್ಟ ಮಾತ್ರಕ್ಕೆ ಯಂತ್ರಕ್ಕೆ ಅರ್ಥ ಆಗಿಬಿಡುತ್ತದಾ?

ಇಲ್ಲ. ಐಡಿ ಬರೀ ಗುರುತು. ಅರ್ಥ ಬರುವುದು ಒಂದು ಗುರುತಿಗೂ ಇನ್ನೊಂದಕ್ಕೂ ಇರುವ ಸಂಬಂಧ ಹೇಳಿದಾಗ. ಆ ಹೇಳಿಕೆಗೆ ಮೂರು ಭಾಗ:

ಗೋಳಗುಮ್ಮಟ → ಇರುವ ಊರು → ವಿಜಯಪುರ
ವಿಜಯಪುರ → ಇರುವ ರಾಜ್ಯ → ಕರ್ನಾಟಕ
ಕರ್ನಾಟಕ → ರಾಜಧಾನಿ → ಬೆಂಗಳೂರು

ಇದನ್ನು ಬರೆಯುವ ಕ್ರಮಕ್ಕೆ ಆರ್‌ಡಿಎಫ್ ಅಂತ ಹೆಸರು. ಇಲ್ಲಿ ಊರುಗಳಿಗೆ ಮಾತ್ರವಲ್ಲ, ನಡುವಿನ ‘ರಾಜಧಾನಿ’ ಎಂಬ ಸಂಬಂಧಕ್ಕೂ ಐಡಿ ಇರುತ್ತದೆ. ವಿಕಿಡೇಟಾದಲ್ಲಿ ಕರ್ನಾಟಕ ಕ್ಯೂ1185, ಬೆಂಗಳೂರು ಕ್ಯೂ1355, ರಾಜಧಾನಿ ಎಂಬ ಸಂಬಂಧ ಪಿ36. ನೀವು ಕನ್ನಡದಲ್ಲಿ ‘ರಾಜಧಾನಿ’ ಅನ್ನಿ, ಜಪಾನಿನವರು ಅವರ ಭಾಷೆಯಲ್ಲಿ ಏನಾದರೂ ಅನ್ನಲಿ, ಒಳಗಿರುವುದು ಅದೇ ಪಿ36.

ಮೊದಲ ಎರಡು ಸಾಲು ಸೇರಿಸಿದರೆ ಗೋಳಗುಮ್ಮಟ ಕರ್ನಾಟಕದಲ್ಲಿದೆ ಅಂತ ಯಾರೂ ಬೇರೆಯಾಗಿ ಬರೆಯದೆಯೇ ತಿಳಿಯುತ್ತದೆ. ಮೊದಲ ಸಾಲು ಒಂದು ತಾಣದಲ್ಲಿ, ಎರಡನೆಯದು ಇನ್ನೊಂದು ತಾಣದಲ್ಲಿ ಇದ್ದರೂ ಸರಿ. ಎರಡೂ ಕಡೆ ವಿಜಯಪುರಕ್ಕೆ ಒಂದೇ ಐಡಿ ಬಳಸಿದ್ದರೆ ಆಯಿತು. ಯಂತ್ರಕ್ಕೆ ‘ಅರ್ಥ’ ಅಂದರೆ ಇಷ್ಟೇ. ಆದರೆ ಇಷ್ಟರಿಂದ ಆಗುವ ಕೆಲಸ ಬಹಳ.

ಇದನ್ನೆಲ್ಲ ಶುರು ಮಾಡಿದ್ದು ಯಾರು?

ವೆಬ್ ಕಟ್ಟಿದ ಟಿಮ್ ಬರ್ನರ್ಸ್ ಲೀ ಅವರೇ ಮುಂದೆ ನಿಂತು ನಡೆಸಿದರು. ಆರ್‌ಡಿಎಫ್ 1999ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಮಾನದಂಡವಾಯಿತು. 2001ರಲ್ಲಿ ಬರ್ನರ್ಸ್ ಲೀ, ಜೇಮ್ಸ್ ಹೆಂಡ್ಲರ್, ಓರಾ ಲಸಿಲಾ ಸೇರಿ ‘ಸೆಮ್ಯಾಂಟಿಕ್ ವೆಬ್’ ಕನಸನ್ನು ಜನರ ಮುಂದಿಟ್ಟರು. 2006ರಲ್ಲಿ ಬರ್ನರ್ಸ್ ಲೀ ಅದನ್ನು ನಾಲ್ಕು ನಿಯಮಕ್ಕೆ ಇಳಿಸಿದರು. ವಸ್ತುಗಳಿಗೆ ಯುಆರ್‌ಐ ಕೊಡಿ, ಅದು ವೆಬ್‌ನಲ್ಲಿ ತೆರೆಯುವಂತಿರಲಿ, ತೆರೆದಾಗ ಉಪಯುಕ್ತ ಮಾಹಿತಿ ಸಿಗಲಿ, ಅಲ್ಲಿಂದ ಬೇರೆ ವಸ್ತುಗಳಿಗೆ ಕೊಂಡಿ ಇರಲಿ. ಲಿಂಕ್ಡ್ ಡೇಟಾ ಅನ್ನುವುದು ಇದನ್ನೇ.

2001ರ ಕನಸು ಅಂದುಕೊಂಡ ಹಾಗೆ ಪೂರ್ತಿ ಆಗಲಿಲ್ಲ. ವೆಬ್‌ನ ಪ್ರತಿಯೊಂದು ಪುಟವೂ ಯಂತ್ರಕ್ಕೆ ಅರ್ಥವಾಗುವಂತೆ ಬರೆಯಲಿ ಅಂದರೆ ಯಾರು ಬರೆಯುತ್ತಾರೆ? ಆದರೆ ಅದರಲ್ಲಿ ಗಟ್ಟಿಯಾಗಿದ್ದ ಭಾಗ ಉಳಿಯಿತು. ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು, ಜೀವವಿಜ್ಞಾನದ ಡೇಟಾಬೇಸ್‌ಗಳು ಇದರ ಮೇಲೆಯೇ ನಡೆಯುತ್ತಿವೆ. 2011ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ, ಪುಟದಲ್ಲಿ ಏನಿದೆ ಅಂತ ಯಂತ್ರಕ್ಕೆ ಹೇಳುವ ಪದಗಳ ಪಟ್ಟಿಯಾದ ಸ್ಕೀಮಾ ಡಾಟ್ ಆರ್ಗ್ ತಂದವು. 2012ರಲ್ಲಿ ಗೂಗಲ್‌ನ ನಾಲೆಡ್ಜ್ ಗ್ರಾಫ್ (ವಸ್ತುಗಳು ಮತ್ತು ಅವುಗಳ ಸಂಬಂಧಗಳ ಭಂಡಾರ) ಬಂತು, ಅದೇ ವರ್ಷ ಅಕ್ಟೋಬರ್ 29ರಂದು ವಿಕಿಡೇಟಾ ಶುರುವಾಯಿತು.

ವಿಕಿಪೀಡಿಯ ಇದ್ದಾಗ ವಿಕಿಡೇಟಾ ಯಾಕೆ?

ಹಿಂದೆ ಕನ್ನಡ ವಿಕಿಪೀಡಿಯದ ಒಂದು ಲೇಖನ ತಿದ್ದಲು ತೆರೆದರೆ ಅಡಿಯಲ್ಲಿ ಉದ್ದಕ್ಕೆ ಕೊಂಡಿಗಳ ಪಟ್ಟಿ ಇರುತ್ತಿತ್ತು. ಇಂಗ್ಲಿಷಿನಲ್ಲಿ ಈ ಲೇಖನ, ತಮಿಳಿನಲ್ಲಿ ಈ ಲೇಖನ, ಫ್ರೆಂಚಿನಲ್ಲಿ ಇದು, ಹೀಗೆ. ಪ್ರತಿ ಭಾಷೆಯ ಲೇಖನವೂ ಉಳಿದ ಎಲ್ಲ ಭಾಷೆಗಳ ಪಟ್ಟಿ ಹೊತ್ತುಕೊಂಡಿರಬೇಕಿತ್ತು. ಒಂದು ಭಾಷೆಯವರು ಲೇಖನದ ಹೆಸರು ಬದಲಿಸಿದರೆ ಎಲ್ಲ ಕಡೆಯೂ ತಿದ್ದಬೇಕು. 2013ರಲ್ಲಿ ಇದು ನಿಂತಿತು. ಈಗ ಎಲ್ಲ ಭಾಷೆಯ ಲೇಖನಗಳೂ ಒಂದೇ ಕ್ಯೂ ನಂಬರಿಗೆ ತಗುಲಿಕೊಂಡಿವೆ. ಒಂದು ಕಡೆ ತಿದ್ದಿದರೆ ಸಾಕು.

ಆಮೇಲೆ ಆ ನಂಬರಿನ ಮೇಲೆ ಮಾಹಿತಿಯನ್ನೂ ಕಟ್ಟುತ್ತಾ ಹೋದರು. ಈಗ 10 ಕೋಟಿಗೂ ಹೆಚ್ಚು ವಸ್ತುಗಳು ಅಲ್ಲಿವೆ. ಎಲ್ಲವೂ ಸಿಸಿ0 ಪರವಾನಗಿಯಡಿ, ಅಂದರೆ ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ತೆಗೆದುಕೊಳ್ಳಬಹುದು.

ವಿಜಯಪುರದ ಗೊಂದಲವನ್ನು ಅಲ್ಲಿ ಹೇಗೆ ಬಿಡಿಸಿದ್ದಾರೆ ನೋಡಿ. ಎರಡು ವಸ್ತುಗಳಿಗೆ ಕನ್ನಡದಲ್ಲಿ ‘ವಿಜಯಪುರ’ ಅಂತ ಒಂದೇ ಹೆಸರು ಕೊಡಬಹುದು. ಆದರೆ ಹೆಸರಿನ ಕೆಳಗೆ ಬರುವ ಚಿಕ್ಕ ವಿವರಣೆಯೂ ಒಂದೇ ಆಗಿದ್ದರೆ ಉಳಿಸಲು ಬಿಡುವುದಿಲ್ಲ. ‘ಕರ್ನಾಟಕದ ಊರು’ ಅಂತ ಎರಡಕ್ಕೂ ಬರೆದರೆ ತಡೆಯುತ್ತದೆ. ‘ದೇವನಹಳ್ಳಿ ತಾಲ್ಲೂಕಿನ ಪಟ್ಟಣ’ ಅಂತ ಬರೆದರೆ ಒಪ್ಪುತ್ತದೆ. ಸಣ್ಣ ನಿಯಮ, ಆದರೆ ಬಹಳ ಯೋಚಿಸಿ ಮಾಡಿದ್ದು.

ಬೆಂಗಳೂರಿನ ಜನಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಯಾಕಿದೆ?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಐಡಿಗಳ ನಿಜವಾದ ಬೆಲೆ ಇಲ್ಲೇ ಗೊತ್ತಾಗುವುದು.

2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ಚಿಲ್ಲರೆ ಅಂತ ಒಂದು ಕಡೆ, 96 ಲಕ್ಷ ಚಿಲ್ಲರೆ ಅಂತ ಇನ್ನೊಂದು ಕಡೆ ಓದಿರುತ್ತೀರಿ. ಎರಡೂ ಸರಿ. ಮೊದಲನೆಯದು ಮಹಾನಗರ ಪಾಲಿಕೆಯ ವ್ಯಾಪ್ತಿ, ಎರಡನೆಯದು ಬೆಂಗಳೂರು ನಗರ ಜಿಲ್ಲೆ. 12 ಲಕ್ಷದ ವ್ಯತ್ಯಾಸ! ಎರಡನ್ನೂ ‘ಬೆಂಗಳೂರು’ ಎಂಬ ಕಾಲಮ್ಮಿನಲ್ಲಿ ಹಾಕಿದ ಎಕ್ಸೆಲ್ ಹಾಳೆಯಿಂದ ತಲಾ ಎಷ್ಟು ನೀರು, ಎಷ್ಟು ಬಸ್ಸು, ಎಷ್ಟು ಆಸ್ಪತ್ರೆ ಅಂತ ಲೆಕ್ಕ ಹಾಕಿದರೆ ಉತ್ತರ ತಪ್ಪೇ ಬರುತ್ತದೆ. ತಪ್ಪಿದೆ ಅಂತ ಗೊತ್ತೂ ಆಗುವುದಿಲ್ಲ.

ಒಂದು ಹೆಸರಿನ ಕೆಳಗೆ ಎಷ್ಟು ವಸ್ತುಗಳಿವೆ ಅಂತ ಎಣಿಸಿ ನೋಡಿ. ನಗರ ಒಂದು, ಜಿಲ್ಲೆ ಒಂದು, ತಾಲ್ಲೂಕುಗಳು ಬೇರೆ, ಲೋಕಸಭಾ ಕ್ಷೇತ್ರಗಳು ಬೇರೆ, ಆಡಳಿತ ಸಂಸ್ಥೆ ಇನ್ನೂ ಬೇರೆ. ಆಡಳಿತ ಸಂಸ್ಥೆಯಂತೂ ಈಗಷ್ಟೇ ಬದಲಾಗಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದವು. ಬಿಬಿಎಂಪಿ ಮುಗಿಯಿತು ಅಂದರೆ ಬೆಂಗಳೂರು ಮುಗಿಯಿತು ಅಂತ ಅಲ್ಲವಲ್ಲ. ಸಂಸ್ಥೆಯ ಐಡಿಗೆ ಕೊನೆಯ ದಿನಾಂಕ ಬೀಳುತ್ತದೆ, ಹೊಸ ಪಾಲಿಕೆಗಳಿಗೆ ಹೊಸ ಐಡಿ ಬರುತ್ತದೆ, ನಗರ ಮಾತ್ರ ಕ್ಯೂ1355 ಆಗಿಯೇ ಮುಂದುವರಿಯುತ್ತದೆ.

ಹೀಗಾಗಿ ಐಡಿ ಹುಡುಕುವಾಗ ‘ಇದರ ಹೆಸರೇನು’ ಅಂತ ಕೇಳುವುದಕ್ಕಿಂತ ‘ಇದು ಯಾವ ಬಗೆಯ ವಸ್ತು’ ಅಂತ ಕೇಳಿ. ನಗರವಾ, ಜಿಲ್ಲೆಯಾ, ಸಂಸ್ಥೆಯಾ? ವಿಕಿಡೇಟಾದಲ್ಲಿ ಇದನ್ನು ಹೇಳುವುದು ಪಿ31. ಯಾವ ಪುಟ ತೆರೆದರೂ ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇವತ್ತು ನಿಜ ಇರುವುದು ನಾಳೆ ಬದಲಾದರೆ?

ಹಳೆಯದನ್ನು ಅಳಿಸಬೇಡಿ, ದಿನಾಂಕ ಸೇರಿಸಿ. ಹಂಪಿ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು, ಹಂಪಿ ಅದಕ್ಕೆ ಸೇರಿತು. ‘ಹಂಪಿ → ಇರುವ ಜಿಲ್ಲೆ → ಬಳ್ಳಾರಿ’ ಎಂಬ ಹೇಳಿಕೆ ಸುಳ್ಳಲ್ಲ, ಅದರ ಅವಧಿ ಮುಗಿದಿದೆ ಅಷ್ಟೇ. ಅದಕ್ಕೆ ‘ಕೊನೆ: 2021’ ಅಂತ, ಹೊಸದಕ್ಕೆ ‘ಆರಂಭ: 2021’ ಅಂತ ಹಾಕುತ್ತಾರೆ. ಹಾಗಿದ್ದರೆ 1990ರ ಪುಸ್ತಕದಲ್ಲಿ ‘ಬಳ್ಳಾರಿ ಜಿಲ್ಲೆಯ ಹಂಪಿ’ ಅಂತ ಓದಿದ ಯಂತ್ರ ಅದನ್ನು ತಪ್ಪು ಅನ್ನುವುದಿಲ್ಲ.

ಅಂದಹಾಗೆ, ಹಂಪಿ ಎಂಬ ಗ್ರಾಮ ಬೇರೆ, 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಂಪಿಯ ಸ್ಮಾರಕ ಸಮೂಹ ಬೇರೆ. ಯುನೆಸ್ಕೋದಲ್ಲಿ ಆ ಸಮೂಹದ ನಂಬರ್ 241. ಅದನ್ನು ಗ್ರಾಮಕ್ಕೆ ಅಂಟಿಸಬೇಡಿ.

ಪಿನ್‌ಕೋಡ್, ಐಎಸ್‌ಬಿಎನ್ ಎಲ್ಲ ಆಗಲೇ ಇವೆಯಲ್ಲ? ಅವೇ ಸಾಲದಾ?

ಅವೂ ಬೇಕು. ಆದರೆ ಪ್ರತಿಯೊಂದೂ ಯಾವುದನ್ನು ಗುರುತಿಸುತ್ತದೆ ಅಂತ ಗೊತ್ತಿರಬೇಕು. 1972ರಲ್ಲಿ ಬಂದ ಪಿನ್‌ಕೋಡ್ ಗುರುತಿಸುವುದು ಅಂಚೆ ಹಂಚುವ ಪ್ರದೇಶವನ್ನು. ಒಂದು ಪಿನ್‌ಕೋಡಿನಲ್ಲಿ ಹತ್ತಾರು ಹಳ್ಳಿ ಇರಬಹುದು, ಒಂದು ನಗರಕ್ಕೆ ಹತ್ತಾರು ಪಿನ್‌ಕೋಡ್ ಇರಬಹುದು. ಊರಿನ ಐಡಿಯಾಗಿ ಅದು ಕೆಲಸಕ್ಕೆ ಬರುವುದಿಲ್ಲ. ಊರು, ಪಂಚಾಯಿತಿ, ತಾಲ್ಲೂಕಿಗೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ (ಲೋಕಲ್ ಗವರ್ನ್ಮೆಂಟ್ ಡೈರೆಕ್ಟರಿ) ಕೋಡ್ ಇದೆ. ಸರ್ಕಾರಿ ಅಂಕಿಅಂಶ ಜೋಡಿಸುವವರು ಅದನ್ನೇ ಹಿಡಿಯಬೇಕು.

ಐಎಸ್‌ಬಿಎನ್ ಅಂದರೆ ಪುಸ್ತಕಗಳ ನಂಬರ್. ಅದು ಗುರುತಿಸುವುದು ಒಂದು ಆವೃತ್ತಿಯನ್ನು, ಕೃತಿಯನ್ನಲ್ಲ. ಅದೇ ಕಾದಂಬರಿಯ ರಟ್ಟಿನ ಹೊದಿಕೆಯ ಪ್ರತಿಗೆ ಒಂದು, ಸಾದಾ ಪ್ರತಿಗೆ ಒಂದು, ಬೇರೆ ಪ್ರಕಾಶಕರು ತಂದರೆ ಇನ್ನೊಂದು. 1970ಕ್ಕಿಂತ ಮುಂಚಿನ ಕನ್ನಡ ಪುಸ್ತಕಗಳಿಗಂತೂ ಅದು ಇಲ್ಲವೇ ಇಲ್ಲ. ಸಂಶೋಧಕರಿಗೆ ಆರ್ಕಿಡ್ ಐಡಿ ಇದೆ, ಒಂದೇ ಹೆಸರಿನ ಇಬ್ಬರ ಪ್ರಬಂಧಗಳು ಕಲಸಿಹೋಗದಿರಲು ಅದು ಒಳ್ಳೆಯ ದಾರಿ.

ವಿಕಿಡೇಟಾ ಇವುಗಳ ಜಾಗ ಕಿತ್ತುಕೊಳ್ಳುವುದಿಲ್ಲ. ಇವೆಲ್ಲ ಬಂದು ಸೇರುವ ಜಾಗ ಅದು. ಒಂದು ಕ್ಯೂ ನಂಬರಿನ ಪುಟದಲ್ಲಿ ಬೇರೆ ಬೇರೆ ಸಂಸ್ಥೆಗಳ ಐಡಿಗಳು ಸಾಲಾಗಿ ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟಬಹುದು.

ಐಡಿ ಎಷ್ಟು ದಿನ ಬಾಳುತ್ತದೆ?

ಅದನ್ನು ನೋಡಿಕೊಳ್ಳುವವರು ಇರುವಷ್ಟು ದಿನ. ಫ್ರೀಬೇಸ್ ಎಂಬ ದೊಡ್ಡ ಡೇಟಾಬೇಸ್ ಇತ್ತು. ಗೂಗಲ್ 2010ರಲ್ಲಿ ಕೊಂಡುಕೊಂಡಿತು, 2016ರಲ್ಲಿ ಅದು ಮುಚ್ಚಿತು. ಆದರೆ ಅದರ ಐಡಿಗಳು ವಿಕಿಡೇಟಾದಲ್ಲಿ ಇವತ್ತಿಗೂ ದಾಖಲಾಗಿವೆ, ಹಾಗಾಗಿ ಹಳೆಯ ಡೇಟಾ ಪೂರ್ತಿ ಅನಾಥವಾಗಲಿಲ್ಲ. ವಿಕಿಡೇಟಾದಲ್ಲಿ ಒಂದೇ ವಸ್ತುವಿಗೆ ತಪ್ಪಿ ಎರಡು ನಂಬರ್ ಬಿದ್ದಿದ್ದರೆ ಎರಡನ್ನೂ ಸೇರಿಸುತ್ತಾರೆ. ಬಿಟ್ಟ ನಂಬರ್ ತೆರೆದರೆ ಉಳಿಸಿಕೊಂಡ ನಂಬರಿಗೆ ಹೋಗುತ್ತದೆ. ಒಮ್ಮೆ ಕೊಟ್ಟ ನಂಬರನ್ನು ಇನ್ನೊಂದು ವಸ್ತುವಿಗೆ ಕೊಡುವುದಿಲ್ಲ.

ನಮ್ಮಲ್ಲಿ ಇಲಾಖೆಗಳ, ಸಂಸ್ಥೆಗಳ ವೆಬ್‌ಸೈಟ್ ಹೊಸದಾದಾಗಲೆಲ್ಲ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹೊಸ ವಿನ್ಯಾಸಕ್ಕೆ ದುಡ್ಡು ಸುರಿಯುವಾಗ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಹಾಕುವ ಕೆಲಸವನ್ನೂ ಆ ಗುತ್ತಿಗೆಯಲ್ಲಿ ಸೇರಿಸಬೇಕು.

ವಿಕಿಡೇಟಾದಿಂದ ನನಗೆ ಬೇಕಾದ್ದನ್ನು ಹೇಗೆ ತೆಗೆಯುವುದು?

ಸ್ಪಾರ್ಕಲ್ ಎಂಬ ಪ್ರಶ್ನೆ ಕೇಳುವ ಭಾಷೆ ಇದೆ. ಮೇಲೆ ಹೇಳಿದ ಮೂರು ಭಾಗದ ಹೇಳಿಕೆಯಲ್ಲಿ ಗೊತ್ತಿಲ್ಲದ ಭಾಗವನ್ನು ಖಾಲಿ ಬಿಡುವುದು, ಅಷ್ಟೇ ಅದರ ತಂತ್ರ. ‘ಏನೋ ಒಂದು → ಬಗೆ → ಜಿಲ್ಲೆ’, ‘ಅದೇ → ಇರುವ ರಾಜ್ಯ → ಕರ್ನಾಟಕ’ ಅಂತ ಎರಡು ಸಾಲು ಕೇಳಿದರೆ ಜಿಲ್ಲೆಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ಕನ್ನಡದಲ್ಲೇ ಕೊಡು ಅಂತಲೂ ಕೇಳಬಹುದು. ಕನ್ನಡ ಹೆಸರು ಯಾರೂ ಸೇರಿಸಿರದಿದ್ದರೆ ಇಂಗ್ಲಿಷ್ ಬರುತ್ತದೆ ಅಥವಾ ಬರೀ ನಂಬರ್ ಬರುತ್ತದೆ. ಅದು ಕಂಡಾಗ ಅಲ್ಲೇ ಕನ್ನಡ ಹೆಸರು ಸೇರಿಸಿಬಿಡಿ, ಎರಡು ನಿಮಿಷದ ಕೆಲಸ. ಮುಂದೆ ಕೇಳುವವರಿಗೆಲ್ಲ ಕನ್ನಡದಲ್ಲೇ ಸಿಗುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಹೀಗೇ. ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆಯಲ್ಲಿ ಊರಿಗೆ ಕನ್ನಡ ಹೆಸರು ಹಾಕಲು ಒಂದು ಜಾಗ, ಕ್ಯೂ ನಂಬರ್ ಹಾಕಲು ಒಂದು ಜಾಗ ಇದೆ. ಎರಡನ್ನೂ ತುಂಬಿ.

ನಮ್ಮದು ಸಣ್ಣ ಪ್ರಕಾಶನ. ನಮ್ಮ ವೆಬ್‌ಸೈಟಿನಲ್ಲಿ ಏನು ಮಾಡಬಹುದು?

ಪ್ರತಿ ಪುಸ್ತಕಕ್ಕೂ ಬದಲಾಗದ ಒಂದು ವಿಳಾಸ ಕೊಡಿ. ವಿಳಾಸದಲ್ಲಿ ಬೆಲೆ, ವರ್ಷ, ವಿಭಾಗ ಹಾಕಬೇಡಿ, ಇವೆಲ್ಲ ಬದಲಾಗುತ್ತವೆ. ಆಮೇಲೆ ಪುಟದ ಒಳಗೆ ಜೇಸನ್-ಎಲ್‌ಡಿ ಎಂಬ ರೂಪದಲ್ಲಿ ಚಿಕ್ಕ ತುಣುಕು ಸೇರಿಸಿ. ಓದುವವರಿಗೆ ಅದು ಕಾಣುವುದಿಲ್ಲ, ಹುಡುಕುಯಂತ್ರಗಳು ಓದುತ್ತವೆ. ಇದು ಪುಸ್ತಕ, ಇದರ ಹೆಸರು ಇದು, ಭಾಷೆ ಕನ್ನಡ, ಐಎಸ್‌ಬಿಎನ್ ಇದು, ಲೇಖಕರು ಇವರು ಅಂತ ಸ್ಕೀಮಾ ಡಾಟ್ ಆರ್ಗ್‌ನ ಪದಗಳಲ್ಲಿ ಹೇಳಬೇಕು. ಲೇಖಕರ ಹೆಸರಿನ ಜೊತೆ ‘ಸೇಮ್‌ಆ್ಯಸ್’ ಅಂತ ಅವರ ವಿಕಿಡೇಟಾ ವಿಳಾಸ ಕೊಡಿ. ಕನ್ನಡದಲ್ಲಿ ಕಾವ್ಯನಾಮ ಜಾಸ್ತಿ. ಒಬ್ಬರನ್ನೇ ಕಾವ್ಯನಾಮ, ಇನಿಷಿಯಲ್, ಪೂರ್ಣ ಹೆಸರು ಅಂತ ಮೂರು ಥರ ಬರೆಯುತ್ತೇವೆ. ಈ ಒಂದು ಸಾಲು ಅದನ್ನೆಲ್ಲ ಒಂದುಗೂಡಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೊರಟರೆ ನಡುವೆ ನಿಂತುಹೋಗುತ್ತದೆ. ಲೇಖಕರಿಂದ ಶುರು ಮಾಡಿ.

‘ಸೇಮ್‌ಆ್ಯಸ್’ ಎಲ್ಲಿ ಬೇಕಾದರೂ ಹಾಕಬಹುದಾ?

ದಯವಿಟ್ಟು ಬೇಡ. ‘ಇದೂ ಅದೂ ಒಂದೇ’ ಅಂತ ಯಂತ್ರಕ್ಕೆ ಹೇಳಿದರೆ ಅದು ಪೂರ್ತಿ ನಂಬುತ್ತದೆ. ವಿಜಯಪುರ ನಗರದ ಪುಟಕ್ಕೆ ವಿಜಯಪುರ ಜಿಲ್ಲೆಯ ಐಡಿ ಕೊಟ್ಟರೆ ಜಿಲ್ಲೆಯ ಜನಸಂಖ್ಯೆ, ವಿಸ್ತೀರ್ಣ ಎಲ್ಲ ನಗರದ ತಲೆಗೆ ಬೀಳುತ್ತದೆ. ಖಚಿತ ಇಲ್ಲದಿದ್ದರೆ ಖಾಲಿ ಬಿಡಿ. ಖಾಲಿ ಜಾಗವನ್ನು ನಾಳೆ ಯಾರಾದರೂ ತುಂಬುತ್ತಾರೆ. ತಪ್ಪು ಕೊಂಡಿ ಮಾತ್ರ ಎಲ್ಲೆಲ್ಲಿಗೆ ಹರಡಿತು ಅಂತ ಹುಡುಕುವುದೇ ಕಷ್ಟ.

ಈಗ ಎಐ ಬಂದಿದೆ. ಇನ್ನೂ ಇದೆಲ್ಲ ಬೇಕಾ?

ಮೊದಲಿಗಿಂತ ಜಾಸ್ತಿ ಬೇಕು ಅನ್ನುವುದು ನನ್ನ ಅಭಿಪ್ರಾಯ. ಎಐ ಹಿಂದಿರುವ ಭಾಷಾ ಮಾದರಿಗಳು ಓದಿದ ಪಠ್ಯದ ಆಧಾರದ ಮೇಲೆ ಮುಂದಿನ ಪದ ಊಹಿಸುತ್ತವೆ. ಇಂಗ್ಲಿಷಿನಲ್ಲಿ ಒಂದೇ ವಿಷಯದ ಬಗ್ಗೆ ಬೇಕಾದಷ್ಟು ಪಠ್ಯ ಇರುವುದರಿಂದ ಊಹೆ ಸರಿಹೋಗುವುದು ಹೆಚ್ಚು. ಕನ್ನಡದ ಒಬ್ಬ ತತ್ವಪದಕಾರರ ಬಗ್ಗೆಯೋ ಒಂದು ಸಣ್ಣ ಊರಿನ ಬಗ್ಗೆಯೋ ವೆಬ್‌ನಲ್ಲಿ ಇರುವುದೇ ನಾಲ್ಕು ಸಾಲು. ಆಗ ಅದೇ ಹೆಸರಿನ ಇನ್ನೊಬ್ಬರ ವಿವರ ಬಂದು ಸೇರಿಕೊಳ್ಳುತ್ತದೆ. ಐಡಿ ಇದ್ದರೆ ಉತ್ತರವನ್ನು ಪರೀಕ್ಷಿಸಲು ಒಂದು ಆಧಾರ ಇರುತ್ತದೆ. ಯಾವ ವಸ್ತು, ಯಾವ ಹೇಳಿಕೆ, ಅದಕ್ಕೆ ಯಾವ ಮೂಲ ಅಂತ ತೋರಿಸಬಹುದು.

ಇದು ಆಧಾರ್ ನಂಬರ್ ಥರವಾ? ನನ್ನ ವಿವರ ಎಲ್ಲರಿಗೂ ಕಾಣುತ್ತದಾ?

ಎರಡಕ್ಕೂ ಸಂಬಂಧ ಇಲ್ಲ. ಆಧಾರ್ ಖಾಸಗಿ ಗುರುತು, ಅದನ್ನು ಎಲ್ಲೂ ಹಾಕಬಾರದು. ಲಿಂಕ್ಡ್ ಡೇಟಾದ ಐಡಿ ಎಲ್ಲರೂ ನೋಡಲಿ ಅಂತಲೇ ಇರುವುದು. ಹಾಗಾಗಿ ಅದರಲ್ಲಿ ಸಾರ್ವಜನಿಕ ವಿಷಯ ಮಾತ್ರ ಇರಬೇಕು. ಬದುಕಿರುವವರ ಮನೆ ವಿಳಾಸ, ಫೋನ್, ಮನೆಯವರ ವಿವರ ಸೇರಿಸಬೇಡಿ, ಬೇರೆ ಎಲ್ಲೋ ಪ್ರಕಟವಾಗಿದ್ದರೂ ಸೇರಿಸಬೇಡಿ. ಚದುರಿ ಬಿದ್ದಿರುವ ಮಾಹಿತಿಯನ್ನು ಒಂದೇ ಕಡೆ ಜೋಡಿಸುವುದರಿಂದಲೇ ತೊಂದರೆ ಆಗಬಹುದು.

ತುಂಬಾ ಹುಡುಕಿದೆ, ನಮ್ಮೂರಿನ ಹಳೆಯ ದೇವಸ್ಥಾನಕ್ಕೆ ಐಡಿ ಇಲ್ಲ. ನಾನೇ ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಇನ್ನೊಮ್ಮೆ ಹುಡುಕಿ. ಇಂಗ್ಲಿಷ್ ಕಾಗುಣಿತದಲ್ಲಿ, ಹಳೆಯ ಹೆಸರಿನಲ್ಲಿ, ಊರಿನ ಹೆಸರು ಸೇರಿಸಿ, ಬಿಟ್ಟು, ಎಲ್ಲ ಥರವೂ ನೋಡಿ. ಸಿಕ್ಕರೆ ಕನ್ನಡ ಹೆಸರು, ವಿವರಣೆ, ಬೇರೆ ಹೆಸರುಗಳನ್ನು ಸೇರಿಸಿ. ಸಿಗದಿದ್ದರೆ ಹೊಸದು ಮಾಡಿ. ಅದಕ್ಕೆ ವಿಕಿಪೀಡಿಯ ಲೇಖನ ಇರಲೇಬೇಕು ಅಂತಿಲ್ಲ. ಅದು ಯಾವುದು ಅಂತ ಸ್ಪಷ್ಟವಾಗಿ ಗುರುತಿಸುವಂತಿರಬೇಕು, ಅದರ ಬಗ್ಗೆ ನಂಬಬಹುದಾದ ಸಾರ್ವಜನಿಕ ಮೂಲ ಇರಬೇಕು. ಗೆಜೆಟಿಯರ್, ಶಾಸನ ಸಂಪುಟ, ಪುರಾತತ್ವ ಇಲಾಖೆಯ ಪಟ್ಟಿ, ಇವುಗಳಲ್ಲಿ ಯಾವುದಾದರೂ ಒಂದು ಆಗುತ್ತದೆ.

ಮೊದಲು ‘ಬಗೆ: ದೇವಸ್ಥಾನ’ ಅಂತ ಹಾಕಿ. ಆಮೇಲೆ ಇರುವ ಗ್ರಾಮ, ನಕ್ಷೆಯ ಮೇಲಿನ ಜಾಗ. ಗ್ರಾಮ ಆರಿಸುವಾಗ ಅದೇ ಹೆಸರಿನ ಬೇರೆ ಗ್ರಾಮಗಳು ಕೆಳಗೆ ಸಾಲಾಗಿ ಬರುತ್ತವೆ, ತಾಲ್ಲೂಕು ನೋಡಿ ಒತ್ತಿ. ಪ್ರತಿ ಹೇಳಿಕೆಗೂ ಅದರ ಮೂಲ ಯಾವುದು ಅಂತ ಅಲ್ಲೇ ಸೇರಿಸಿ. ಶಾಸನದಲ್ಲಿ ವರ್ಷ ಸಿಕ್ಕಿದ್ದರೆ ಹಾಕಿ, ‘ಸಾವಿರ ವರ್ಷ ಹಳೆಯದಂತೆ’ ಅಂತ ಊರಿನವರು ಹೇಳುವುದನ್ನು ಮಾತ್ರ ವರ್ಷವಾಗಿ ತುಂಬಬೇಡಿ. ಉಳಿಸಿದ ಕೂಡಲೇ ಕ್ಯೂ ನಂಬರ್ ಸಿಗುತ್ತದೆ. ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ದೇವಸ್ಥಾನದ ಗುರುತಿಗೂ, ನೀವು ತೆಗೆದ ಫೋಟೋಗಳನ್ನು ಎಲ್ಲರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ್ದರೆ ಅವುಗಳಿಗೂ ಸೇರಿಸಿ.